ಮಗನಿಗೆ ಎಲ್ಲವೂ ‘ನೀಲಿ’: ಇದು ಬಣ್ಣಗುರುಡೇ?

ಪ್ರಶ್ನೆ: ನನ್ನ ಮಗನಿಗೆ ಎರಡು ವರ್ಷ ಎಂಟು ತಿಂಗಳು. ಮಾತು ಚುರುಕಾಗಿದೆ. ಪ್ರಾಣಿ, ವಾಹನ, ಮನೆಯ ಸಾಮಾನು, ಎಲ್ಲದರ ಹೆಸರು ಹೇಳುತ್ತಾನೆ. ಬಣ್ಣ ಕೇಳಿದರೆ ಮಾತ್ರ ಎಲ್ಲದಕ್ಕೂ ‘ನೀಲಿ’. ಕೆಂಪು ಕಾರೂ ನೀಲಿ, ಹಸಿರು ಎಲೆಯೂ ನೀಲಿ. ಒಂದು ದಿನ ಕಾರನ್ನು ‘ಕೆಂಪು’ ಎಂದು ಸರಿಯಾಗಿ ಹೇಳಿದರೆ, ಮರುದಿನ ಅದೇ ಕಾರು ‘ಹಳದಿ’. ಅವನಿಗಿಂತ ಮೂರು ತಿಂಗಳು ಚಿಕ್ಕವಳಾದ ನಾದಿನಿಯ ಮಗಳು ಎಂಟು ಬಣ್ಣಗಳನ್ನು ಪಟಪಟನೆ ಹೇಳುತ್ತಾಳೆ. ನನ್ನ ಮೈದುನನಿಗೆ ಬಣ್ಣಗುರುಡು ಇದೆ. ರೈಲು ಚಾಲಕನ ಕೆಲಸಕ್ಕೆ ಹೋದಾಗ ವೈದ್ಯಕೀಯ ಪರೀಕ್ಷೆಯಲ್ಲಿ ಗೊತ್ತಾಯಿತು. ‘ಚಿಕ್ಕಪ್ಪನದೇ ಬಂದಿದೆ’ ಎಂದು ಮನೆಯವರೆಲ್ಲ ತೀರ್ಮಾನಿಸಿದ್ದಾರೆ. ನನ್ನ ತವರಿನಲ್ಲಿ ಯಾರಿಗೂ ಈ ತೊಂದರೆ ಇಲ್ಲ. ಅಪ್ಪ ಮಾತ್ರ ಬಟ್ಟೆ ಕೊಳ್ಳುವಾಗ ಬಣ್ಣಕ್ಕೆ ಇಂದಿಗೂ ಅಮ್ಮನನ್ನು ಕೇಳುತ್ತಾರೆ, ಅದು ಅವರ ಅಭ್ಯಾಸ. ಮೊಬೈಲಿನಲ್ಲಿ ಚುಕ್ಕೆಗಳ ಪರೀಕ್ಷೆ ತೋರಿಸಿದೆ; ಮಗ ಒಂದು ಅಂಕಿಯನ್ನೂ ಹೇಳಲಿಲ್ಲ. ಬಣ್ಣಗುರುಡಿಗೆ ಕನ್ನಡಕ ಬಂದಿದೆಯಂತೆ. ಈಗಲೇ ಹಾಕಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಮೊದಲು ನಿಮ್ಮ ಎದೆಯ ಭಾರ ಸ್ವಲ್ಪ ಇಳಿಸುತ್ತೇನೆ. ನೀವು ಬರೆದಿರುವ ತಪ್ಪುಗಳಲ್ಲಿ ಬಣ್ಣಗುರುಡಿನ ಗುರುತು ನನಗೆ ಕಾಣುತ್ತಿಲ್ಲ. ಬಣ್ಣ ಕಲಿಯುತ್ತಿರುವ ಎರಡೂಮುಕ್ಕಾಲು ವರ್ಷದ ಮಗು ಹೇಗೆ ತಪ್ಪುತ್ತದೋ ನಿಮ್ಮ ಮಗ ಹಾಗೆಯೇ ತಪ್ಪುತ್ತಿದ್ದಾನೆ. ಹಾಗೆಂದು ‘ಅವನಿಗೆ ಬಣ್ಣಗುರುಡು ಇಲ್ಲವೇ ಇಲ್ಲ’ ಎಂದು ಬರೆದುಕೊಡಲಾರೆ. ಅದಕ್ಕೆ ಕಾರಣ ನಿಮ್ಮ ಮೈದುನನಲ್ಲ. ‘ಅದು ಅವರ ಅಭ್ಯಾಸ’ ಎಂದು ನೀವು ಪಕ್ಕಕ್ಕಿಟ್ಟ ಒಂದು ಸಾಲು. ಅಲ್ಲಿಗೆ ಆಮೇಲೆ ಬರುತ್ತೇನೆ.

ನಿಮ್ಮ ಹಾಗೆಯೇ ಕಂಗಾಲಾದ ತಂದೆಯೊಬ್ಬರಿದ್ದರು: ಚಾರ್ಲ್ಸ್ ಡಾರ್ವಿನ್. ಎಲ್ಲ ಸಾಮಾನ್ಯ ವಸ್ತುಗಳ ಹೆಸರು ಬಲ್ಲ ತಮ್ಮ ಮಕ್ಕಳು ಬಣ್ಣದ ಹೆಸರನ್ನು ಮಾತ್ರ, ಎಷ್ಟು ಹೇಳಿಕೊಟ್ಟರೂ, ತಪ್ಪಾಗಿ ಹೇಳುವುದನ್ನು ಕಂಡು ಅವರು ಇದು ಬಣ್ಣಗುರುಡೇ ಎಂದುಕೊಂಡಿದ್ದರು. ಆ ಭಯಕ್ಕೆ ಆಧಾರವಿರಲಿಲ್ಲ ಎಂಬುದು ಮುಂದೆ ಗೊತ್ತಾಯಿತು. 1877ರಲ್ಲಿ ಅದನ್ನು ಅವರೇ ಬರೆದರು. ಫ್ರಾನ್ಸಿನ ಆಲ್ಫ್ರೆಡ್ ಬಿನೆ ಮತ್ತು ಥಿಯೋಡರ್ ಸಿಮೋನ್ 20ನೇ ಶತಮಾನದ ಆರಂಭದಲ್ಲಿ ಮಕ್ಕಳ ಬುದ್ಧಿಮಟ್ಟದ ಪರೀಕ್ಷೆಯನ್ನು ರೂಪಿಸಿದಾಗ, ನಾಲ್ಕು ಬಣ್ಣಗಳ ಹೆಸರು ಹೇಳುವುದನ್ನು ಏಳೆಂಟು ವರ್ಷದವರ ಪಾಲಿಗೆ ಇಟ್ಟಿದ್ದರು. ಇಂದಿನ ಮಕ್ಕಳು ಬಣ್ಣದ ಆಟಿಕೆ, ಬಣ್ಣದ ಪುಸ್ತಕಗಳ ನಡುವೆಯೇ ಬೆಳೆಯುವುದರಿಂದ ಬಹುಪಾಲು ಮಕ್ಕಳು ಮೂರರಿಂದ ನಾಲ್ಕು ವರ್ಷದೊಳಗೆ ಮುಖ್ಯ ಬಣ್ಣಗಳನ್ನು ಹೇಳಿಬಿಡುತ್ತಾರೆ. ನಿಮ್ಮ ಮಗನಿಗೆ ಇನ್ನೂ ಮೂರೇ ತುಂಬಿಲ್ಲ. ನಾದಿನಿಯ ಮಗಳು ಸ್ವಲ್ಪ ಮುಂಚೆ ಓಡುತ್ತಿದ್ದಾಳೆ, ಅಷ್ಟೇ.

ಇಲ್ಲಿ ಎರಡು ಬೇರೆ ಕೆಲಸಗಳಿವೆ. ಒಂದು ಬಣ್ಣವನ್ನು ಕಾಣುವುದು, ಇನ್ನೊಂದು ಅದಕ್ಕೆ ಹೆಸರಿಡುವುದು. ಕಾಣುವ ಕೆಲಸ ಬಲು ಬೇಗ ಆರಂಭವಾಗುತ್ತದೆ. ನಾಲ್ಕು ತಿಂಗಳ ಹೊತ್ತಿಗೆ ಮಗುವಿನ ಕಣ್ಣು ಕೆಂಪು, ಹಸಿರು, ನೀಲಿ, ಹಳದಿಗಳನ್ನು ಬೇರೆ ಬೇರೆಯಾಗಿ ಗ್ರಹಿಸುತ್ತಿರುತ್ತದೆ. ಹೆಸರಿಡುವ ಕೆಲಸ ಭಾಷೆಯದು, ಅದಕ್ಕೆ ವರ್ಷಗಳು ಬೇಕು. ಯಾಕಷ್ಟು ಕಷ್ಟ ಎಂದು ತಂದೆತಾಯಿ ಕೇಳುತ್ತಾರೆ. ‘ನಾಯಿ’ ಎಂದು ಬೆರಳು ತೋರಿಸಿದರೆ ಮಗು ನಾಯಿಯನ್ನು ನೋಡುತ್ತದೆ, ಮುಗಿಯಿತು. ‘ಕೆಂಪು’ ಎಂದು ಬೆರಳು ತೋರಿಸಿದಾಗ ಅಲ್ಲಿ ಇರುವುದು ಕಾರು. ಕೆಂಪು ಎಂದರೆ ಅದರ ಚಕ್ರವೋ, ಸದ್ದೋ, ನುಣುಪೋ, ಅಮ್ಮ ಹೇಳುತ್ತಿರುವುದು ಯಾವುದನ್ನು? ಸ್ವಲ್ಪ ಹೊತ್ತಿಗೆ ಅಮ್ಮ ಒಂದು ಬಕೆಟ್ಟನ್ನೂ ‘ಕೆಂಪು’ ಎನ್ನುತ್ತಾಳೆ. ಬಕೆಟ್ಟಿಗೂ ಕಾರಿಗೂ ಏನು ಸಂಬಂಧ? ಆ ಸಂಬಂಧ ಹೊಳೆಯುವವರೆಗೆ ಪದ ಗಾಳಿಯಲ್ಲಿ ತೇಲುತ್ತಿರುತ್ತದೆ.

ನಮ್ಮ ಭಾಷೆಯೂ ಮಗುವಿಗೆ ಒಂದಿಷ್ಟು ತಮಾಷೆ ಮಾಡುತ್ತದೆ. ಕಿತ್ತಳೆ ಎಂದರೆ ಹಣ್ಣು, ಬಣ್ಣವೂ ಹೌದು. ನೇರಳೆಯೂ ಹಾಗೆಯೇ. ಗುಲಾಬಿ ಹೂವು, ಅದೇ ಬಣ್ಣವೂ. ಆದರೆ ಗುಲಾಬಿ ಹಳದಿಯೂ ಇರಬಹುದು! ಕಪ್ಪು ಎಂದರೆ ಬಣ್ಣ, ಕಪ್ ಎಂದರೆ ಕುಡಿಯುವುದು. ಅಪ್ಪ ‘ರೆಡ್’ ಎನ್ನುತ್ತಾನೆ, ಅಜ್ಜಿ ‘ಕೆಂಪು’ ಎನ್ನುತ್ತಾಳೆ. ಇಷ್ಟರ ನಡುವೆ ದಾರಿ ಹುಡುಕುತ್ತಿರುವವನು ಸದ್ಯಕ್ಕೆ ‘ನೀಲಿ’ಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾನೆ. ಗಮನಿಸಿ: ‘ಇದು ಯಾವ ಬಣ್ಣ?’ ಎಂದರೆ ಅವನು ‘ಕಾರು’ ಎನ್ನುತ್ತಿಲ್ಲ, ‘ಎರಡು’ ಎನ್ನುತ್ತಿಲ್ಲ. ಬಣ್ಣದ ಹೆಸರನ್ನೇ ಹೇಳುತ್ತಿದ್ದಾನೆ. ‘ಬಣ್ಣ’ ಎಂಬ ಪ್ರಶ್ನೆಗೆ ಯಾವ ಗುಂಪಿನ ಪದ ಬರಬೇಕು ಎಂಬುದು ಅವನಿಗೆ ಗೊತ್ತಾಗಿದೆ. ಅರ್ಧ ದಾರಿ ಸಾಗಿದಂತೆಯೇ.

ಹಾಗಾದರೆ ನಿಜವಾದ ಬಣ್ಣಗುರುಡು ಹೇಗೆ ಕಾಣುತ್ತದೆ? ತಪ್ಪು ಎಷ್ಟು ಎಂಬುದಕ್ಕಿಂತ ಎಂಥ ತಪ್ಪು ಎಂಬುದನ್ನು ನಾನು ನೋಡುತ್ತೇನೆ. ಕಲಿಯುವ ಮಗುವಿನ ತಪ್ಪಿಗೆ ಲೆಕ್ಕವಿಲ್ಲ. ಇಂದು ಕೆಂಪು, ನಾಳೆ ಹಳದಿ, ನಾಡಿದ್ದು ನೀಲಿ. ಬಣ್ಣಗುರುಡಿನ ತಪ್ಪಿಗೆ ಶಿಸ್ತಿದೆ. ಹಸಿರು ಮತ್ತು ಕಂದು, ನೀಲಿ ಮತ್ತು ನೇರಳೆ, ತಿಳಿ ಗುಲಾಬಿ ಮತ್ತು ಬೂದು, ಕಿತ್ತಳೆ ಮತ್ತು ತಿಳಿ ಹಸಿರು: ಇವೇ ಜೋಡಿಗಳು ತಿಂಗಳುಗಟ್ಟಲೆ ಒಂದಕ್ಕೊಂದು ಅದಲುಬದಲಾಗುತ್ತಿರುತ್ತವೆ. ಹಳದಿ ಮತ್ತು ನೀಲಿಯ ನಡುವೆ ಅಂಥ ಮಗು ಸಾಮಾನ್ಯವಾಗಿ ಎಡವುವುದಿಲ್ಲ. ನಿಮ್ಮ ಮಗ ಕೆಂಪನ್ನೂ ಹಸಿರನ್ನೂ ನೀಲಿ ಎನ್ನುತ್ತಿದ್ದಾನೆ, ಕೆಂಪನ್ನು ಹಳದಿ ಎನ್ನುತ್ತಿದ್ದಾನೆ. ಇದಕ್ಕೆ ಕಣ್ಣಿನ ಲೆಕ್ಕ ಹೊಂದುವುದಿಲ್ಲ, ಊಹೆಯ ಲೆಕ್ಕ ಹೊಂದುತ್ತದೆ.

ಒಬ್ಬ ಹುಡುಗ ನೆನಪಾಗುತ್ತಾನೆ. ಐದು ವರ್ಷ. ಬಣ್ಣಗಳ ಹೆಸರೆಲ್ಲ ಗೊತ್ತು. ತಾಯಿ ಅವನನ್ನು ಕರೆತಂದಿದ್ದು ಕಣ್ಣು ಉಜ್ಜಿಕೊಳ್ಳುತ್ತಾನೆಂದು. ಮಾತಿನ ನಡುವೆ, ತುಂಬಾ ಶಿಸ್ತಿನವನು, ಕ್ರೇಯಾನ್ ಡಬ್ಬಿಯಲ್ಲಿ ಒಂದು ಕಡ್ಡಿ ಆಚೀಚೆಯಾದರೂ ಅಳುತ್ತಾನೆ ಎಂದು ಹೆಮ್ಮೆಯಿಂದ ಹೇಳಿದರು. ನಾನು ಡಬ್ಬಿ ಕೇಳಿದೆ. ಕಡ್ಡಿಗಳ ಸುತ್ತಿನ ಕಾಗದ ಎಂದೋ ಹರಿದುಹೋಗಿತ್ತು. ಎಲ್ಲವನ್ನೂ ಮೇಜಿನ ಮೇಲೆ ಸುರಿದು ಒಂದು ಮರ ಬರೆಯಲು ಹೇಳಿದೆ. ಅವನು ಕಡ್ಡಿಗಳನ್ನು ನೋಡಿದ, ನನ್ನನ್ನು ನೋಡಿದ, ಪಕ್ಕದಲ್ಲಿದ್ದ ಅಕ್ಕನ ಕಿವಿಯಲ್ಲಿ ಏನೋ ಕೇಳಿದ. ಅಕ್ಕನನ್ನು ಹೊರಗೆ ಕಳಿಸಿದ ಮೇಲೆ ಅವನು ಬರೆದ ಮರದ ಕಾಂಡ ಹಸಿರಾಗಿತ್ತು, ಎಲೆಗಳು ಕಂದಾಗಿದ್ದವು. ಡಬ್ಬಿಯಲ್ಲಿ ಯಾವ ಬಣ್ಣ ಎಲ್ಲಿದೆ ಎಂದು ಜಾಗ ಬಾಯಿಪಾಠ ಮಾಡಿಕೊಂಡು ಅವನು ಇಡೀ ವರ್ಷ ಶಾಲೆಯನ್ನು ನಿಭಾಯಿಸಿದ್ದ. ಬಣ್ಣಗುರುಡಿರುವ ಮಕ್ಕಳು ಹೀಗೆ ಜಾಣತನದಿಂದ ಮುಚ್ಚಿಕೊಳ್ಳುತ್ತಾರೆ, ಮುಚ್ಚಿಕೊಳ್ಳುತ್ತಿದ್ದೇವೆಂಬುದು ಅವರಿಗೇ ಗೊತ್ತಿರುವುದಿಲ್ಲ. ಹಾಗಾಗಿ ಎಲ್ಲ ಬಣ್ಣಗಳನ್ನೂ ಗಟ್ಟಿಯಾಗಿ ತಪ್ಪು ಹೇಳುವ ಮಗುವಿಗಿಂತ, ಹೇಳುವ ಮೊದಲು ಪಕ್ಕದವರ ಮುಖ ನೋಡುವ ಮಗುವಿನ ಬಗ್ಗೆ ನನಗೆ ಹೆಚ್ಚು ಕುತೂಹಲ.

ಈಗ ಚಿಕ್ಕಪ್ಪನ ವಿಷಯ. ನಮ್ಮ ಕಣ್ಣಿನ ಪರದೆಯಲ್ಲಿ ಬಣ್ಣ ಗ್ರಹಿಸುವ ಮೂರು ಬಗೆಯ ಶಂಕುಕೋಶಗಳಿವೆ. ಅವುಗಳಲ್ಲಿ ಎರಡರ, ಅಂದರೆ ಕೆಂಪು ಮತ್ತು ಹಸಿರನ್ನು ಬೇರ್ಪಡಿಸಲು ಬೇಕಾದವುಗಳ, ಸೂಚನೆ, ಅಂದರೆ ಜೀನ್, ಇರುವುದು ತಂದೆತಾಯಿಯಿಂದ ಮಕ್ಕಳಿಗೆ ಇಳಿದುಬರುವ ಎಕ್ಸ್ ಎಂಬ ವರ್ಣತಂತುವಿನ ಮೇಲೆ, ಒಂದರ ಪಕ್ಕ ಒಂದು. ಈ ಎರಡು ಜೀನ್‌ಗಳು ಅವಳಿಗಳಂತೆ ಬಹುತೇಕ ಒಂದೇ ತೆರನಾಗಿರುವುದರಿಂದ ತಲೆಮಾರಿನಿಂದ ತಲೆಮಾರಿಗೆ ನಕಲಾಗುವಾಗ ಒಂದು ಬಿಟ್ಟುಹೋಗುವುದೋ, ಎರಡೂ ಬೆರೆತುಹೋಗುವುದೋ ಆಗುತ್ತದೆ. ಕೆಂಪು-ಹಸಿರು ಬಣ್ಣಗುರುಡು ಇಷ್ಟು ಸಾಮಾನ್ಯವಾಗಿರುವುದು ಇದರಿಂದಲೇ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು ಶೇ. 8ರಷ್ಟು, ಹೆಂಗಸರಲ್ಲಿ ಶೇ. 0.5ರಷ್ಟು ಮಂದಿಗೆ ಇದಿದೆ. ಬೇರೆ ಹಲವು ಜನಸಮುದಾಯಗಳಲ್ಲಿ ಗಂಡಸರ ಪ್ರಮಾಣ ಇದಕ್ಕಿಂತ ಕಡಿಮೆ. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಒಂದು ಕೆಟ್ಟರೆ ಇನ್ನೊಂದು ಕೈಹಿಡಿಯುತ್ತದೆ. ಗಂಡಿಗೆ ಇರುವುದು ಒಂದೇ, ಅದೂ ತಾಯಿಯಿಂದ ಬಂದದ್ದು.

ಇಲ್ಲಿ ಸ್ವಲ್ಪ ನಿಲ್ಲಿ. ನಿಮ್ಮ ಮಗನಿಗೆ ಅವನ ತಂದೆ ಕೊಟ್ಟಿರುವುದು ವೈ ವರ್ಣತಂತು. ತಂದೆಯ ಎಕ್ಸ್ ಮಗನಿಗೆ ಬರುವುದೇ ಇಲ್ಲ. ಹಾಗಾಗಿ ನಿಮ್ಮ ಮೈದುನನಿಗಿರುವ ಕೆಂಪು-ಹಸಿರು ಬಣ್ಣಗುರುಡು ನಿಮ್ಮ ಯಜಮಾನರ ಮೂಲಕ ಮಗನಿಗೆ ಇಳಿಯಲು ದಾರಿಯೇ ಇಲ್ಲ. ಸ್ವತಃ ನಿಮ್ಮ ಯಜಮಾನರಿಗೇ ಅದು ಇದ್ದಿದ್ದರೂ ಇಳಿಯುತ್ತಿರಲಿಲ್ಲ. ‘ಚಿಕ್ಕಪ್ಪನದೇ ಬಂದಿದೆ’ ಎಂಬ ತೀರ್ಮಾನ ಬುಡದಲ್ಲೇ ತಪ್ಪು. ನಿಜ ಹೇಳಬೇಕೆಂದರೆ ಮೈದುನನ ಕಥೆ ಮುಖ್ಯವಾಗುವುದು ನಿಮ್ಮ ನಾದಿನಿಯ ಮನೆಯಲ್ಲಿ, ಮುಂದೆ ಆಕೆಗೆ ಗಂಡುಮಗು ಹುಟ್ಟಿದರೆ. ಯಾಕೆಂದರೆ ಅಣ್ಣನಿಗೆ ಆ ಎಕ್ಸ್ ಕೊಟ್ಟ ತಾಯಿ ತಂಗಿಗೂ ಅದನ್ನೇ ಕೊಟ್ಟಿರುವ ಸಾಧ್ಯತೆ ಅರ್ಧಕ್ಕರ್ಧ. ಇದನ್ನು ಊಟದ ಹೊತ್ತಿನಲ್ಲಿ ಹೇಳಿ ಹೊಸ ಜಗಳ ಹಚ್ಚಬೇಡಿ!

ಈಗ ನಿಮ್ಮ ತಂದೆ. ನಿಮ್ಮ ಮಗನ ಎಕ್ಸ್ ನಿಮ್ಮಿಂದ ಬಂದದ್ದು. ನಿಮ್ಮ ಎರಡು ಎಕ್ಸ್‌ಗಳಲ್ಲಿ ಒಂದು ನಿಮ್ಮ ತಂದೆಯದು, ಒಂದು ತಾಯಿಯದು. ನಿಮ್ಮ ತಂದೆಗೆ ಕೆಂಪು-ಹಸಿರು ಬಣ್ಣಗುರುಡು ಇದ್ದರೆ ಅವರ ಒಂದೇ ಒಂದು ಎಕ್ಸ್ ನಿಮಗೆ ಬಂದೇ ಬಂದಿದೆ. ನಿಮಗೆ ಎಲ್ಲ ಬಣ್ಣವೂ ಚೆನ್ನಾಗಿ ಕಂಡರೂ ನೀವು ಅದರ ವಾಹಕಿ, ಮತ್ತು ನಿಮ್ಮ ಪ್ರತಿ ಗಂಡುಮಗುವಿಗೂ ಅದು ಬರುವ ಸಾಧ್ಯತೆ ಶೇ. 50. ಬಟ್ಟೆಯ ಬಣ್ಣಕ್ಕೆ ಹೆಂಡತಿಯನ್ನು ಕೇಳುವ ಗಂಡಸರಿಗೆಲ್ಲ ಬಣ್ಣಗುರುಡು ಇರುವುದಿಲ್ಲ, ಒಪ್ಪುತ್ತೇನೆ. ಬಹಳಷ್ಟು ಜನಕ್ಕೆ ಇರುವುದು ಸೋಮಾರಿತನ, ಇನ್ನು ಕೆಲವರಿಗೆ ವಿವೇಕ. ಆದರೆ ಅರವತ್ತು ದಾಟಿದ ಮೇಲೆ, ಮೊಮ್ಮಗನನ್ನು ಕರೆತಂದಾಗ, ಮೊಟ್ಟಮೊದಲ ಬಾರಿಗೆ ತಮ್ಮ ಕಣ್ಣಿನ ಗುಟ್ಟು ತಿಳಿದ ಅಜ್ಜಂದಿರನ್ನು ನಾನು ಕಂಡಿದ್ದೇನೆ. ಹುಟ್ಟಿನಿಂದ ಹಾಗೆಯೇ ನೋಡುತ್ತಾ ಬಂದವರಿಗೆ ಏನೋ ಕಡಿಮೆಯಿದೆ ಎಂದು ತಿಳಿಯುವುದಾದರೂ ಹೇಗೆ? ರಸಾಯನ ವಿಜ್ಞಾನಿ ಜಾನ್ ಡಾಲ್ಟನ್ ಅವರಿಗೆ ಇದು ಹೊಳೆದದ್ದು ದೊಡ್ಡವರಾದ ಮೇಲೆ. ಎಲ್ಲರೂ ಗುಲಾಬಿ ಬಣ್ಣ ಎನ್ನುತ್ತಿದ್ದ ಜೆರೇನಿಯಂ ಹೂವು ಅವರಿಗೆ ಹಗಲಿನಲ್ಲಿ ನೀಲಿಯಾಗಿಯೂ ಮೇಣದಬತ್ತಿಯ ಬೆಳಕಿನಲ್ಲಿ ಕೆಂಪಾಗಿಯೂ ಕಂಡಿತು. ವಿಚಾರಿಸಿದರೆ, ಹಾಗೆ ಕಾಣುತ್ತಿದ್ದುದು ಅವರಿಗೆ ಮತ್ತು ಅವರ ಸಹೋದರನಿಗೆ ಮಾತ್ರ. 1794ರಲ್ಲಿ ಅವರು ಅದನ್ನು ವಿದ್ವತ್ಸಭೆಯ ಮುಂದಿಟ್ಟರು. ಕಣ್ಣಿನೊಳಗಿನ ದ್ರವ ನೀಲಿಯಾಗಿರಬೇಕು ಎಂಬುದು ಅವರ ಊಹೆ. 1844ರಲ್ಲಿ ಅವರು ತೀರಿಕೊಂಡ ಮೇಲೆ, ಅವರ ಇಚ್ಛೆಯಂತೆಯೇ, ಕಣ್ಣನ್ನು ಬಿಡಿಸಿ ನೋಡಿದರೆ ದ್ರವ ತಿಳಿಯಾಗಿತ್ತು. ಉಳಿಸಿಟ್ಟಿದ್ದ ಆ ಕಣ್ಣಿನ ಡಿಎನ್‌ಎ ಪರೀಕ್ಷೆಯ ಫಲಿತಾಂಶ 1995ರಲ್ಲಿ ಹೊರಬಂತು: ಹಸಿರಿನ ಕಡೆಯ ಶಂಕುಕೋಶದ ಜೀನ್ ಅವರಲ್ಲಿ ಇರಲಿಲ್ಲ. ಹೀಗೆ ಒಬ್ಬರ ಕಣ್ಣಿನ ಬಗೆಗಿನ ಉತ್ತರಕ್ಕೆ ಇನ್ನೂರು ವರ್ಷ ಹಿಡಿಯಿತು. ನಿಮ್ಮ ತಂದೆಗೆ ಹತ್ತು ನಿಮಿಷ ಸಾಕು.

ಆದ್ದರಿಂದ ನಿಮ್ಮ ಮನೆಯಲ್ಲಿ ಮೊದಲು ಪರೀಕ್ಷೆಗೆ ಕೂರಬೇಕಾದವರು ಮಗನಲ್ಲ, ಅಜ್ಜ. ಚುಕ್ಕೆಗಳ ನಡುವೆ ಅಂಕಿ ಅಡಗಿರುವ ಹಾಳೆಗಳನ್ನು ಜಪಾನಿನ ಶಿನೊಬು ಇಶಿಹಾರಾ 1917ರಲ್ಲಿ ಪ್ರಕಟಿಸಿದರು. ಇಂದಿಗೂ ಬಹುತೇಕ ಕಣ್ಣಿನ ವೈದ್ಯರ ಮೇಜಿನಲ್ಲಿ ಇರುವುದು ಅದೇ. ನಿಮ್ಮ ತಂದೆಯ ಕಣ್ಣಿನಲ್ಲಿ ಪೊರೆ ಬೆಳೆಯುತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಲಿ, ಪೊರೆಯೂ ಬಣ್ಣಗಳನ್ನು, ಅದರಲ್ಲೂ ನೀಲಿಯನ್ನು, ಮಂಕಾಗಿಸುತ್ತದೆ. ತಂದೆ ತೇರ್ಗಡೆಯಾದರೆ ನಿಮ್ಮ ಮಗನ ಅಪಾಯ ಬಹಳಷ್ಟು ಇಳಿಯುತ್ತದೆ, ಪೂರ್ತಿ ಸೊನ್ನೆಯಾಗುವುದಿಲ್ಲ. ನಿಮ್ಮ ತಾಯಿಯ ಕಡೆಯಿಂದಲೂ ಅದು ಸದ್ದಿಲ್ಲದೆ ಬಂದಿರಬಹುದು. ನಿಮಗೆ ಅಣ್ಣತಮ್ಮಂದಿರೋ ಸೋದರಮಾವಂದಿರೋ ಇದ್ದರೆ ಅವರನ್ನೂ ಒಮ್ಮೆ ಕೇಳಿ.

ಮಗನ ಪರೀಕ್ಷೆಗೆ ನಾಲ್ಕು ವರ್ಷ ತುಂಬಲಿ. ಮೊಬೈಲಿನಲ್ಲಿ ನೀವು ಮಾಡಿದ ಪರೀಕ್ಷೆಯನ್ನು ಮರೆತುಬಿಡಿ. ಅಂಕಿಗಳೇ ಸರಿಯಾಗಿ ಗೊತ್ತಿಲ್ಲದ ಮಗು ಅಂಕಿ ಹೇಳಲಿಲ್ಲವೆಂದರೆ ಅದರಿಂದ ಏನೂ ತಿಳಿಯುವುದಿಲ್ಲ. ಪರದೆಯ ಬಣ್ಣ ಒಂದೊಂದು ಮೊಬೈಲಿನಲ್ಲಿ ಒಂದೊಂದು ಥರ, ರಾತ್ರಿಯ ಹಳದಿ ಬೆಳಕಿನ ಸೌಲಭ್ಯ ಚಾಲೂ ಇದ್ದರಂತೂ ಕೇಳುವುದೇ ಬೇಡ. ಚಿಕ್ಕ ಮಕ್ಕಳಿಗಾಗಿ ಅಂಕಿಯ ಬದಲು ವೃತ್ತ, ನಕ್ಷತ್ರ, ನಾಯಿಯ ಚಿತ್ರ ಇರುವ ಹಾಳೆಗಳಿವೆ. ಇಶಿಹಾರಾ ಪುಸ್ತಕದಲ್ಲೇ ಕುಂಚದಿಂದ ಗೆರೆ ಹಿಡಿದು ಹೋಗುವ ಪುಟಗಳಿವೆ. ಹಗಲು ಬೆಳಕಿನಂಥ ಬೆಳಕಿನಲ್ಲಿ ಅವನ್ನು ತೋರಿಸಬೇಕು. ಪುಸ್ತಕದ ಮೊದಲ ಹಾಳೆಯ 12 ಎಲ್ಲರಿಗೂ ಕಾಣುತ್ತದೆ, ಬಣ್ಣಗುರುಡು ಇರುವವರಿಗೂ. ಅದನ್ನೂ ಹೇಳದ ಮಗು ಆಟ ಅರ್ಥವಾಗದೆ ಕೂತಿದೆ ಎಂದರ್ಥ, ನಾನು ಪುಸ್ತಕ ಮುಚ್ಚಿ ಆರು ತಿಂಗಳು ಬಿಟ್ಟು ಬನ್ನಿ ಎನ್ನುತ್ತೇನೆ. ಅವಸರದಲ್ಲಿ ಮಾಡಿದ ಪರೀಕ್ಷೆಯಿಂದ ಇಲ್ಲದ ಹಣೆಪಟ್ಟಿ ಅಂಟುತ್ತದೆ, ಆಮೇಲೆ ಅದನ್ನು ಕೀಳುವುದು ಕಷ್ಟ.

ಕೆಲವು ಲಕ್ಷಣಗಳಿಗೆ ಮಾತ್ರ ವಯಸ್ಸು ಕಾಯಬಾರದು. ಕಣ್ಣುಗುಡ್ಡೆ ಸದಾ ಅದುರುತ್ತಿದ್ದರೆ, ಬೆಳಕಿಗೆ ಬಂದರೆ ಕಣ್ಣು ಬಿಡಲಾಗದಿದ್ದರೆ, ಮೆಳ್ಳೆಗಣ್ಣು ಇದ್ದರೆ, ವಸ್ತುಗಳನ್ನು ಮುಖಕ್ಕೆ ತಾಗುವಷ್ಟು ಹತ್ತಿರ ಹಿಡಿದರೆ, ಅಥವಾ ಬಣ್ಣಗಳನ್ನು ಚೆನ್ನಾಗಿ ಹೇಳುತ್ತಿದ್ದ ಮಗು ಇದ್ದಕ್ಕಿದ್ದಂತೆ ತಡವರಿಸಿದರೆ ಈ ವಾರವೇ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಇವು ಬೇರೆಯೇ ಕಾಯಿಲೆಗಳ ಸೂಚನೆ. ಯಾವ ಬಣ್ಣವೂ ಕಾಣದ ಪೂರ್ಣ ಬಣ್ಣಗುರುಡು ಅವುಗಳಲ್ಲಿ ಒಂದು, ಸುಮಾರು 30,000ದಲ್ಲಿ ಒಬ್ಬರಿಗೆ ಇರುವಂಥದ್ದು. ಕೆಂಪು-ಹಸಿರು ಬಣ್ಣಗುರುಡು ಇರುವವರ ಲೋಕ ಹಳೆಯ ಕಪ್ಪುಬಿಳುಪು ಚಿತ್ರದಂತಿರುತ್ತದೆ ಎಂಬುದು ಶುದ್ಧ ತಪ್ಪು ಕಲ್ಪನೆ. ಅವರಿಗೆ ಬಣ್ಣಗಳಿವೆ, ಕೆಲವು ಬಣ್ಣಗಳ ನಡುವಿನ ಗೆರೆ ಅಳಿಸಿರುತ್ತದೆ. ನಾಲ್ಕು ದಾಟಿದರೂ ಒಂದು ಬಣ್ಣವೂ ಬಾರದೆ, ಜೊತೆಗೆ ಮಾತೂ ಹಿಂದಿದ್ದರೆ ಮೊದಲು ಕಿವಿ ಮತ್ತು ಮಾತಿನ ಪರೀಕ್ಷೆ ಮಾಡಿಸಿ. ನಿಮ್ಮ ಮಗನಿಗೆ ಅದರ ಅಗತ್ಯ ಕಾಣುವುದಿಲ್ಲ.

ಮನೆಯಲ್ಲಿ ಏನು ಮಾಡಬಹುದು? ಮೊದಲಿಗೆ ‘ಇದು ಯಾವ ಬಣ್ಣ?’ ಎಂಬ ಪ್ರಶ್ನೆಯನ್ನು ಕೆಲವು ವಾರ ಕಪಾಟಿನಲ್ಲಿಡಿ. ದಿನಕ್ಕೆ ಇಪ್ಪತ್ತು ಸಲ ಪರೀಕ್ಷೆ ಬರೆಯಬೇಕಾದರೆ ಯಾರಾದರೂ ‘ನೀಲಿ’ ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ಕೇಳುವ ಬದಲು ಹೇಳಿ. ಹೇಳುವಾಗ ವಸ್ತುವನ್ನು ಮೊದಲು, ಬಣ್ಣವನ್ನು ಕೊನೆಗೆ ಹೇಳಿ. ‘ಕೆಂಪು ಚೆಂಡು ನೋಡು’ ಎನ್ನುವುದಕ್ಕಿಂತ ‘ಚೆಂಡು ನೋಡು, ಕೆಂಪಗಿದೆ’ ಎಂದರೆ ಮಗುವಿನ ಕಣ್ಣು ಮೊದಲು ಚೆಂಡಿನ ಮೇಲೆ ಕೂರುತ್ತದೆ, ಬಳಿಕ ಬರುವ ಪದ ಅದರ ಯಾವುದೋ ಗುಣಕ್ಕೆ ಅಂಟಿಕೊಳ್ಳುತ್ತದೆ. ಇಂಗ್ಲಿಷ್ ಮಾತನಾಡುವ ಎರಡು ವರ್ಷದ ಆಸುಪಾಸಿನ ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ಈ ಕ್ರಮ ಹೆಚ್ಚು ಫಲ ಕೊಟ್ಟಿತ್ತು. ಕನ್ನಡದಲ್ಲಿ ಹಾಗೆ ಹೇಳುವುದು ನಮಗೇನೂ ಹೊಸದಲ್ಲ. ಒಂದೇ ಬಗೆಯ ಎರಡು ವಸ್ತು, ಬಣ್ಣ ಮಾತ್ರ ಬೇರೆ ಇರುವಂಥವು, ಜೊತೆಗಿದ್ದರೆ ಇನ್ನೂ ಒಳ್ಳೆಯದು. ಒಮ್ಮೆಗೆ ಎರಡೇ ಬಣ್ಣ ಸಾಕು.

ಅವನು ಕಾಣುತ್ತಾನೋ ಇಲ್ಲವೋ ಎಂಬ ಕುತೂಹಲ ತಡೆಯದಿದ್ದರೆ ಹೆಸರು ಕೇಳದೆ ಜೋಡಿ ಕೂಡಿಸುವ ಆಟವಾಡಿ. ಹತ್ತಾರು ಕಾಲುಚೀಲಗಳನ್ನು ಗುಡ್ಡೆ ಹಾಕಿ ‘ಇದರ ಜೊತೆಯದು ಕೊಡು’ ಎನ್ನಿ. ಹಸಿರು, ಕಂದು, ನೇರಳೆ, ನೀಲಿ ಎಲ್ಲ ಸೇರಿರಲಿ, ಒಂದೇ ಅಳತೆಯವಿರಲಿ. ಸಲೀಸಾಗಿ ಜೋಡಿಸಿದರೆ ಸಂತೋಷಪಡಿ. ಆದರೆ ಅದನ್ನು ಪ್ರಮಾಣಪತ್ರ ಎಂದುಕೊಳ್ಳಬೇಡಿ. ಗಾಢ ಬಣ್ಣ, ತಿಳಿ ಬಣ್ಣ ಎಂಬ ವ್ಯತ್ಯಾಸವನ್ನೇ ಹಿಡಿದು ಜೋಡಿಸುವ ಮಕ್ಕಳಿದ್ದಾರೆ. ತಪ್ಪಿದರೆ ಯಾವ ಜೋಡಿಯಲ್ಲಿ ತಪ್ಪಿದ ಎಂದು ಬರೆದಿಡಿ, ಒಂದು ತಿಂಗಳು ಬಿಟ್ಟು ಮತ್ತೆ ಆಡಿ. ಅದೇ ಜೋಡಿ ಮತ್ತೆ ಮತ್ತೆ ತಪ್ಪಿದರೆ ಆ ಚೀಟಿ ನನ್ನಂಥವರಿಗೆ ಬಹಳ ಉಪಯೋಗ.

ಕನ್ನಡಕದ ಬಗ್ಗೆ ನನ್ನ ಮಾತು ಖಾರವಾಗಿಯೇ ಇದೆ: ಬೇಡ. ಅಂಥ ಗಾಜು ಬೆಳಕಿನ ಒಂದು ಭಾಗವನ್ನು ಸೋಸಿ ಕೆಲವು ಬಣ್ಣಗಳ ನಡುವಿನ ವ್ಯತ್ಯಾಸವನ್ನು ಎದ್ದು ಕಾಣಿಸುತ್ತದೆ. ಇಲ್ಲದ ಶಂಕುಕೋಶವನ್ನು ಅದು ತಂದುಕೊಡುವುದಿಲ್ಲ, ತೆಗೆದಿಟ್ಟ ಕೂಡಲೇ ಮೊದಲಿನಂತೆಯೇ. ಕೆಲವು ದೊಡ್ಡವರಿಗೆ ಅದು ಹಿಡಿಸುತ್ತದೆ, ಅವರ ಇಷ್ಟ. ರೋಗವೇ ಪತ್ತೆಯಾಗದ ಮೂರು ವರ್ಷದೊಳಗಿನ ಮಗುವಿನ ಮೂಗಿನ ಮೇಲೆ ಕೂರಿಸುವ ವಸ್ತುವಲ್ಲ. ಕಣ್ಣಿನ ವ್ಯಾಯಾಮ, ಕ್ಯಾರೆಟ್, ಪುಡಿ, ಹನಿ ಯಾವುದರಿಂದಲೂ ಹುಟ್ಟಿನಿಂದ ಬಂದ ಬಣ್ಣಗುರುಡು ಹೋಗುವುದಿಲ್ಲ. ಹುಟ್ಟಿನಿಂದ ಕೆಂಪು-ಹಸಿರು ಬೇರ್ಪಡಿಸಲಾಗದ ಅಳಿಲು ಕೋತಿಗಳ ಕಣ್ಣಿಗೆ ಜೀನ್ ಸೇರಿಸಿ ಅವು ಆ ಬಣ್ಣಗಳನ್ನು ಗುರುತಿಸುವಂತೆ ಮಾಡಿದ ವರದಿ 2009ರಲ್ಲಿ ಬಂತು. ಅವುಗಳಲ್ಲಿ ಒಂದರ ಹೆಸರು ಡಾಲ್ಟನ್! ಮನುಷ್ಯರಿಗೆ ಅಂಥ ಚಿಕಿತ್ಸೆಯಿನ್ನೂ ಬಳಕೆಗೆ ಬಂದಿಲ್ಲ.

ಒಂದು ವೇಳೆ ನಾಲ್ಕೈದು ವರ್ಷಕ್ಕೆ ಪರೀಕ್ಷೆಯಲ್ಲಿ ಬಣ್ಣಗುರುಡು ಇದೆಯೆಂದೇ ಗೊತ್ತಾದರೆ? ಅದು ಬೆಳೆಯುವ ಕಾಯಿಲೆಯಲ್ಲ, ದೃಷ್ಟಿಯನ್ನು ಕಸಿಯುವುದಿಲ್ಲ. ಆಗ ಮಾಡಬೇಕಾದ ಕೆಲಸ ಶಾಲೆಯದು. ಶಿಕ್ಷಕಿಗೆ ಮೊದಲ ದಿನವೇ ತಿಳಿಸಿ. ಕ್ರೇಯಾನ್ ಮೇಲೆ ಬಣ್ಣದ ಹೆಸರು ಬರೆದು ಅಂಟಿಸಿ. ಹಸಿರು ಹಲಗೆಯ ಮೇಲಿನ ಕೆಂಪು ಸೀಮೆಸುಣ್ಣ, ಬಣ್ಣದಿಂದಷ್ಟೇ ಗುರುತಿಸಬೇಕಾದ ನಕ್ಷೆ, ಇವು ಅವನಿಗೆ ತೊಡಕು ಎಂದು ಅವರಿಗೆ ಗೊತ್ತಿರಲಿ. ಮುಂದೆ ವಿಮಾನ ಹಾರಿಸುವುದು, ರೈಲು ಓಡಿಸುವುದು ಮುಂತಾದ ಕೆಲವು ಕೆಲಸಗಳ ಬಾಗಿಲು ಕಿರಿದಾಗಬಹುದು, ಕೆಲವು ಮುಚ್ಚಲೂಬಹುದು. ನಿಮ್ಮ ಮೈದುನನಿಗೆ ನೋವಾಗಿರುವುದು ಬಣ್ಣಗುರುಡಿನಿಂದ ಎನ್ನುವುದಕ್ಕಿಂತ, ಅರ್ಜಿ ಹಾಕಿ ಆಸೆ ಕಟ್ಟಿಕೊಂಡ ಮೇಲೆ ಅದು ಗೊತ್ತಾದದ್ದರಿಂದ ಇರಬೇಕು. ನಾಲ್ಕೈದರಲ್ಲಿ ಗೊತ್ತಾದರೆ ಆ ಪೆಟ್ಟು ಬೀಳುವುದಿಲ್ಲ.

ಸದ್ಯಕ್ಕೆ ಮಗನನ್ನು ಆಡಲು ಬಿಡಿ. ತಂದೆಯವರನ್ನು ಯಾವಾಗ ಕರೆದುಕೊಂಡು ಹೋಗುತ್ತೀರೋ ಆಗ ತಾಯಿಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಇಷ್ಟು ವರ್ಷ ಬಟ್ಟೆಯ ಬಣ್ಣ ಹೇಳುತ್ತಾ ಬಂದವರಲ್ಲವೇ, ವೈದ್ಯರು ಕೇಳುವ ಅರ್ಧ ಪ್ರಶ್ನೆಗಳಿಗೆ ಉತ್ತರ ಅವರ ಬಳಿಯೇ ಇರುತ್ತದೆ.